ಇಟಲಿ ಮಿಷನ್ನಿಗೆ ಕಟ್ಟಿಕೊಂಡ ಕಾಫಿಪುಡಿ

ಚಾಮರಾಜಪುರಂನಲ್ಲಿ ಮರಿಸ್ವಾಮಿಯ ಮನೆ ಯಾವುದೆಂದು ಯಾರೂ ಯಾರನ್ನೂ ಕೇಳುವ ಹಾಗಿರಲಿಲ್ಲ. ಬೀದಿಯ ತುದಿಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ಅವನ ಗಂಟಲೇ ದಾರಿ ತೋರಿಸುತ್ತಿತ್ತು. ಹಾಲಿಗೆ ನೀರು ಬೆರೆತರೆ ಕೂಗು. ಸೌದೆ ಹಸಿಯಾಗಿದ್ದರೆ ಕೂಗು. ಅಂಗಿಯ ಗುಂಡಿ ಕಾಜಿಗೆ ಹೋಗದಿದ್ದರೆ ಗುಂಡಿಯ ಮೇಲೂ ಕೂಗು. ಕೂಗಿ ಮುಗಿಸಿದ ಮೇಲೆ ಅದೇ ಹಾಲಿನವನನ್ನು ಜಗಲಿಯ ಮೇಲೆ ಕೂರಿಸಿ ಎಲೆ ಅಡಿಕೆ ಕೊಡುವವನೂ ಅವನೇ. ಆದರೆ ಬೈಸಿಕೊಂಡವರಿಗೆ ಎಲೆ ಅಡಿಕೆ ನೆನಪಿರುತ್ತದೆಯೇ? ಬೈಗುಳ ನೆನಪಿರುತ್ತದೆ. ಇದು ಮರಿಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ, ಕೋಪ ಬಂದಾಗ ಗೊತ್ತಿದ್ದದ್ದೆಲ್ಲ ಓಡಿಹೋಗುತ್ತಿತ್ತು.

ಅವನು ಒಂದು ಗಿರಣಿಯಲ್ಲಿ ಡ್ರೈವರ್. ಸ್ವಾತಂತ್ರ್ಯ ಬಂದು ಹತ್ತು ಹದಿನೈದು ವರ್ಷವಾಗಿದ್ದ ಕಾಲ. ಗಿರಣಿಗೆ ಹೊಸ ಯಂತ್ರ ಕೂಡಿಸಲು ಇಟಲಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನನ್ನು ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಕರೆದುಕೊಂಡು ಹೋಗುವ ಕೆಲಸ ಮರಿಸ್ವಾಮಿಯದು. ಬೀದಿಯ ಜನ ಅವನನ್ನು ಇಟಲಿ ದೊರೆ ಎನ್ನುತ್ತಿದ್ದರು. ದೊರೆಗೆ ಕನ್ನಡ ಬಾರದು, ಮರಿಸ್ವಾಮಿಗೆ ಇಂಗ್ಲಿಷು ಬಾರದು. ಇಬ್ಬರೂ ಕೈಬಾಯಿ ಆಡಿಸಿಕೊಂಡೇ ವರ್ಷ ಕಳೆದರು. ಆ ದೊರೆಯೂ ಕೂಗುಮಾರಿಯೇ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಊರಿಗೆ ಹೊರಡುವಾಗ ದೊರೆ ತಾನು ದಿನಾ ಕಾಫಿ ಮಾಡಿಕೊಳ್ಳುತ್ತಿದ್ದ ಪುಟ್ಟ ಮಿಷನ್ನನ್ನು ಮರಿಸ್ವಾಮಿಯ ಕೈಗಿಟ್ಟು, ಬೆನ್ನು ತಟ್ಟಿ, ಕಣ್ಣು ಒರೆಸಿಕೊಂಡು ರೈಲು ಹತ್ತಿದ.

ಮಿಷನ್ನು ನೋಡಲು ಲಕ್ಷಣವಾಗಿತ್ತು. ಗುಂಡಗೆ ಹೊಟ್ಟೆ, ಅದರೊಳಕ್ಕೆ ನೀರು, ಮೇಲೆ ತಿರುಪಿನ ಮುಚ್ಚಳ. ಪಕ್ಕದಲ್ಲಿ ಆವಿ ಬಿಡಲು ಒಂದು ಪುಟ್ಟ ನಲ್ಲಿ. ಮುಂದೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿಕೊಂಡ ಮೂತಿ. ಮೂತಿಯ ಕೆಳಗೆ ಮರದ ಹಿಡಿ ಇರುವ ಒಂದು ಬಟ್ಟಲನ್ನು ತಿರುಗಿಸಿ ಸಿಕ್ಕಿಸಬೇಕು. ಬಟ್ಟಲಿನ ತಳಕ್ಕೂ ತೂತು, ಮೂತಿಯ ಒಳಗಿನ ಬಿಲ್ಲೆಗೂ ತೂತು. ಬಟ್ಟಲಿಗೆ ಪುಡಿ ಹಾಕಿ, ಒಲೆಯ ಮೇಲಿಟ್ಟರೆ, ಒಳಗಿನ ಆವಿ ಕುದಿನೀರನ್ನು ಮೇಲಕ್ಕೆ ನೂಕಿ ಪುಡಿಯ ಮೂಲಕ ಇಳಿಸುತ್ತದೆ. ಗಂಟೆಗಟ್ಟಲೆ ಕಾಯುವ ಗೋಜಿಲ್ಲ. ದೊರೆ ಮಾಡಿದ್ದನ್ನು ಮರಿಸ್ವಾಮಿ ಎಷ್ಟೋ ಸಲ ನೋಡಿದ್ದ. ಆದರೆ ಮನೆಗೆ ತಂದ ಮೇಲೆ ಒಂದು ದಿನವೂ ಒಲೆ ಹತ್ತಿಸಿರಲಿಲ್ಲ. ಟವೆಲು ಸುತ್ತಿ ನಡುಮನೆಯ ಗೂಡಿನಲ್ಲಿಟ್ಟಿದ್ದ. ಬಂದವರಿಗೆಲ್ಲ ಟವೆಲು ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿಡುವುದು.

ಒಂದು ದಿನ ಮಾರ್ಕೆಟ್ಟಿನ ಹತ್ತಿರ ಅವನ ಭಾವ ಚಿಕ್ಕಯ್ಯ ಎದುರಿಗೆ ಸಿಕ್ಕ. ಚಿಕ್ಕಯ್ಯ ಎಂದರೆ ಮರಿಸ್ವಾಮಿಯ ಒಬ್ಬಳೇ ಅಕ್ಕ ಮಾದೇವಮ್ಮನ ಗಂಡ, ಬೋಗಾದಿಯ ಒಕ್ಕಲು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬದನೆಕಾಯಿ ಚೀಲ, ಮುಖದ ತುಂಬ ನಗೆ.

“ಲೋ ಭಾಮೈದ, ಚೆಲುವಾಜೀಗೆ ಗಂಡು ಗೊತ್ತಾಯ್ತು ಕಣೋ. ಕಳಲೆ ಕಡೆಯೋರು. ಬರೋ ಶುಕ್ರವಾರ ನಿಮ್ಮಕ್ಕ ಕರೆಯಾಕೆ ಬತ್ತಾಳೆ.”

ಚೆಲುವಾಜಮ್ಮ ಅಕ್ಕನ ಮಗಳು. ಮಗುವಾಗಿದ್ದಾಗ ಅವನ ಹೆಗಲಿನಿಂದ ಇಳಿಯುತ್ತಿರಲಿಲ್ಲ. “ನಮ್ಮನೇಗಾ? ಅಕ್ಕನೇ ಬತ್ತಾಳಾ?” ಎಂದ.

“ಬತ್ತಾಳೆ. ತವರಿಗೆ ಮೊದ್ಲು ಕುಂಕುಮ ಇಡದೆ ಇನ್ನೊಬ್ಬರ ಮನೆ ಹೊಸ್ತಿಲು ತುಳಿಯಾಕಾಯ್ತದಾ? ಆದ್ರೆ…” ಚಿಕ್ಕಯ್ಯ ತಲೆ ಕೆರೆದುಕೊಂಡ. “ಕುಂಕುಮ ಇಟ್ಟು ಎದ್ದು ಬತ್ತೀನಿ, ನೀರು ಮುಟ್ಟಾಕಿಲ್ಲ ಅಂತಾವ್ಳೆ ಈಗ್ಲೇ.”

ಅದಕ್ಕೊಂದು ಹಿಂದಿನ ಕಥೆ ಇತ್ತು. ಮರಿಸ್ವಾಮಿಯ ಅಪ್ಪ ತೀರಿಕೊಂಡ ವರ್ಷ ತಿಥಿಯ ದಿನ ಸತ್ತವರಿಗೆ ಎಡೆ ಇಡುವ ಮೊದಲೇ ಚಿಕ್ಕಯ್ಯ ಹಸಿವಿನಲ್ಲಿ ಎಲೆಯ ಮುಂದೆ ಕೂತುಬಿಟ್ಟ. ನಡೆದು ಬಂದು ಸುಸ್ತಾಗಿದ್ದ, ಪಾಪ. ಮರಿಸ್ವಾಮಿ ನೆಂಟರಿಷ್ಟರೆಲ್ಲರ ಮುಂದೆ ಕೂಗಾಡಿ ಅವನನ್ನು ಎಲೆಯ ಮುಂದಿನಿಂದ ಎಬ್ಬಿಸಿದ. ಎಲೆಯ ಮುಂದಿನಿಂದ ಮನುಷ್ಯನನ್ನು ಎಬ್ಬಿಸುವುದೆಂದರೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಅದೂ ಮನೆಯ ಅಳಿಯನನ್ನು! ಮಾದೇವಮ್ಮ ಕೂಗಲಿಲ್ಲ, ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತು, “ನನ್ ಗಂಡನ್ನ ಎಲೆ ಮುಂದ್ಲಿಂದ ಎಬ್ಬಿಸ್ದೋನ ಮನೇಲಿ ನಾನು ಇನ್ಮುಂದೆ ಒಂದ್ ತೊಟ್ಟು ನೀರು ಕುಡುದ್ರೆ ಕೇಳು” ಎಂದಳು. ಹೇಳಿದ ಹಾಗೆಯೇ ನಡೆದುಕೊಂಡಳು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮರಿಸ್ವಾಮಿ ಬೋಗಾದಿಗೆ ಬಾಗಿನ ಕಳಿಸುವುದು, ಮುಚ್ಚಿದ ಮೊರ ಮುಚ್ಚಿದ ಹಾಗೆಯೇ ವಾಪಸು ಬರುವುದು. ಎಬ್ಬಿಸಿಕೊಂಡ ಚಿಕ್ಕಯ್ಯನೇ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಅವಳು ಮರೆತಿರಲಿಲ್ಲ.

“ನೀರು ಮುಟ್ಟದಿದ್ರೆ?” ಎಂದ ಮರಿಸ್ವಾಮಿ.

“ಅದೇ ಕಣಪ್ಪ ತೊಡಕು. ನೀರು ಕೂಡದ ಮನೆಯೋನು ಬಾಸಿಂಗ ಎಂಗೆ ಕಟ್ಟಾನು ಅಂತ ನಮ್ಮೂರ ಯಜಮಾನ್ರು ಕೇಳ್ತಾವ್ರೆ. ನಿಮ್ಮ ದೊಡ್ಡಪ್ಪನ ಮಗನ್ನ ಸೋದರಮಾವನ ಸ್ಥಾನದಲ್ಲಿ ನಿಲ್ಸಾದು ಅಂತಾವ್ರೆ. ನಾನು ಏನ್ ಮಾಡ್ಲಿ? ನಿಮ್ಮಕ್ಕನ ಬಾಯಿಗೆ ನೀರು ಉಯ್ಯಾಕೆ ನಂಗೆ ಬರಾಕಿಲ್ಲ.”

ಮದುಮಗಳ ಹಣೆಗೆ ಬಾಸಿಂಗ ಕಟ್ಟುವವನು, ಅವಳನ್ನು ಧಾರೆಯ ಮಂಟಪಕ್ಕೆ ಕರೆತರುವವನು ಸೋದರಮಾವ. ಒಡಹುಟ್ಟಿದ ತಮ್ಮ ಜೀವಂತವಾಗಿರುವಾಗ ಇನ್ನಾರೋ ಬಂದು ಕಟ್ಟುವುದೆಂದರೆ! ಮರಿಸ್ವಾಮಿ ಮನೆಗೆ ಬಂದವನೇ ಜಗಲಿಯ ಕಂಬ ಹಿಡಿದುಕೊಂಡು ನಿಂತ. ಒಳಗಿನಿಂದ ಹೆಂಡತಿ ಸರೋಜಮ್ಮ, ಗಂಡ ಬಂದರೂ ಕೂಗು ಕೇಳಲಿಲ್ಲವಲ್ಲ ಎಂದು ಹೆದರಿ ಓಡಿಬಂದಳು.

ವಿಷಯ ಕೇಳಿ ಅವಳೆಂದಳು, “ಅಕ್ಕಂಗೆ ಕಾಫಿ ಅಂದ್ರೆ ಪ್ರಾಣ. ಕಾಫಿ ವಾಸನೆ ಬಂದ್ರೆ ಸುಮ್ನಿರಾಕಾಯ್ತದಾ ನೋಡಾನ.”

“ಕಾಫೀನ ಅವಳ ಮನೇಲೂ ಕುಡೀತಾಳೆ ಕಣೇ. ಕಾಣದೆ ಇರೋದು ಕಾಣಿಸ್ಬೇಕು.” ಮರಿಸ್ವಾಮಿಯ ಕಣ್ಣು ಗೂಡಿನ ಕಡೆ ಹೋಯಿತು. ಅಕ್ಕನಿಗೆ ಚಿಕ್ಕಂದಿನಿಂದಲೂ ಒಂದು ಚಟ. ಹೊಸ ವಸ್ತು ಕಂಡರೆ ಕೈಯಿಟ್ಟು ನೋಡದೆ ಬಿಡುವವಳಲ್ಲ. ಗ್ರಾಮಫೋನು ಬಂದ ಕಾಲದಲ್ಲಿ ಪಟೇಲರ ಮನೆಯಲ್ಲಿ ಅದರ ಮೂತಿಯೊಳಗೆ ತಲೆ ಹಾಕಿ ಬೈಸಿಕೊಂಡವಳು. “ಇಟಲಿ ಮಿಷನ್ ಕಾಫಿ ಕೊಡ್ತೀನಿ. ಎಂಗೆ ಬ್ಯಾಡ ಅಂತಾಳೋ ನೋಡ್ತೀನಿ.”

ಗುರುವಾರ ಸಾಯಂಕಾಲ ತಾನೇ ಹೋಗಿ ವೆಂಕಟಸುಬ್ಬಯ್ಯನವರ ಅಂಗಡಿಯಲ್ಲಿ ಪುಡಿ ಮಾಡಿಸಿಕೊಂಡು ಬಂದ. ಅಕ್ಕನಿಗೆ ಕಾಫಿ ಗಟ್ಟಿಯಾಗಿರಬೇಕು, ಲೋಟದ ಅಂಚಿಗೆ ಬಣ್ಣ ಹತ್ತಬೇಕು. ಅದಕ್ಕೆ ಚಿಕೋರಿಯನ್ನು ವಾಡಿಕೆಗಿಂತ ಹೆಚ್ಚಾಗಿಯೇ ಹಾಕಿಸಿದ. “ನುಣ್ಣಗೆ ಬೀಸಿ ಸ್ವಾಮಿ, ಪೌಡರ್ ಇದ್ದಂಗಿರಬೇಕು” ಎಂದು ನಿಂತು ಬೀಸಿಸಿದ. ಅಂಗಡಿಯವರು “ಫಿಲ್ಟರಿಗೆ ಇಷ್ಟು ನುಣ್ಣಗೆ ಬೇಡ ಕಣಯ್ಯ” ಎಂದದ್ದಕ್ಕೆ, “ಫಿಲ್ಟರಿಗಲ್ಲ ಸ್ವಾಮಿ, ಇಟಲಿ ಮಿಷನ್ನಿಗೆ” ಎಂದು ಎದೆಯುಬ್ಬಿಸಿ ಬಂದ.

ಶುಕ್ರವಾರ ಬಿಸಿಲು ಏರುವ ಹೊತ್ತಿಗೆ ಜಟಕಾ ಬಂದು ನಿಂತಿತು. ಮೊದಲು ಚಿಕ್ಕಯ್ಯ ಇಳಿದ. ಅವನ ಹಿಂದೆ ಮಾದೇವಮ್ಮ. ಹಸಿರು ಸೀರೆ, ಹಣೆಯಗಲ ಕುಂಕುಮ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ತಲೆ ಅಷ್ಟಿಷ್ಟು ನರೆತಿತ್ತು. ಮರಿಸ್ವಾಮಿ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವಳು ಕಾಲು ತೊಳೆದುಕೊಂಡಳು, ಬಾಯಿ ಮುಕ್ಕಳಿಸಲಿಲ್ಲ. ಅದನ್ನು ಎಲ್ಲರೂ ನೋಡಿದರು.

ಸರೋಜಮ್ಮನ ಹಣೆಗೆ ಕುಂಕುಮವಿಟ್ಟು, ತಮ್ಮನ ಹಣೆಗೂ ಸೋಕಿಸಿದಂತೆ ಮಾಡಿ ಕೈಗೆ ಅಕ್ಷತೆ ಕೊಟ್ಟು, “ಮದ್ವೆ ಐತೆ, ಎಲ್ಲಾರೂ ಬನ್ನಿ” ಎಂದಳು. ಊರಿನ ಯಾವುದೋ ಮನೆಗೆ ಹೇಳುವ ಹಾಗೆ. ಹೇಳಿ ತಟ್ಟೆ ಎತ್ತಿಕೊಂಡಳು.

“ಕೂತ್ಕೊ ಅಕ್ಕಯ್ಯ, ಒಂದ್ ಗಳಿಗೆ,” ಎಂದ ಮರಿಸ್ವಾಮಿ. ಇಷ್ಟು ಮೆತ್ತಗಿನ ದನಿ ತನ್ನದೇನಾ ಎಂದು ಅವನಿಗೇ ಅನುಮಾನವಾಯಿತು.

“ಒತ್ತಾಯ್ತದೆ.”

“ಏ, ಜಟಕಾದೋನು ಕುದ್ರೆಗೆ ಉಲ್ಲು ಆಕವ್ನೆ ಕಣೇ, ಅದು ತಿನ್ನೋಗಂಟ ಆದ್ರೂ ಕೂರು,” ಎಂದು ಚಿಕ್ಕಯ್ಯ ಚಾಪೆಯ ಮೇಲೆ ಕೂತೇಬಿಟ್ಟ. ಮಾದೇವಮ್ಮನೂ ಗೋಡೆಗೊರಗಿ, ಎದ್ದುಬಿಡುವವಳ ಹಾಗೆ ಒಂದು ಮಂಡಿ ಎತ್ತಿಕೊಂಡು ಕೂತಳು.

ಮರಿಸ್ವಾಮಿ ಅಡುಗೆಮನೆಗೆ ಓಡಿದ. ಮಿಷನ್ನಿನ ಹೊಟ್ಟೆಗೆ ನೀರು ತುಂಬಿದ, ಮುಚ್ಚಳ ಬಿಗಿದ. ಬಟ್ಟಲಿಗೆ ಪುಡಿ ಹಾಕಿದ. ಗೋಪುರದ ಹಾಗೆ ಹಾಕಿ, ಫಿಲ್ಟರಿನಲ್ಲಿ ಬಿಲ್ಲೆಯಿಟ್ಟು ಒತ್ತುವುದಿಲ್ಲವೇ, ಹಾಗೆ ಹೆಬ್ಬೆರಳಿನಿಂದ ಒತ್ತಿದ. ಜಾಗ ಸಿಕ್ಕಿತು, ಇನ್ನೊಂದಿಷ್ಟು ಹಾಕಿದ, ಮತ್ತೆ ಒತ್ತಿದ. ಎಷ್ಟು ಹೆಚ್ಚು ಹಾಕಿದರೆ ಅಷ್ಟು ಮರ್ಯಾದೆ ಅಲ್ಲವೇ! ಬಟ್ಟಲನ್ನು ಮೂತಿಗೆ ತಿರುಗಿಸಿ ಬಿಗಿದು, ಪಂಪ್ ಸ್ಟವ್ ಹತ್ತಿಸಿ ಮೇಲಿಟ್ಟ. ಕೆಳಗೆ ಲೋಟವಿಟ್ಟ. ಸರೋಜಮ್ಮ ಪಕ್ಕದ ಒಲೆಯಲ್ಲಿ ಹಾಲಿಟ್ಟಳು.

ನೀರು ಕುದಿಯುವ ಸದ್ದು ಬಂತು. ಮೂತಿಯಿಂದ ಒಂದು ತೊಟ್ಟು ಇಳಿಯಿತು. ಕಪ್ಪಗೆ, ಗಂಜಿಯ ಹಾಗೆ. ಇನ್ನೊಂದು ತೊಟ್ಟು ಇಳಿಯಬೇಕೆಂದು ತೂಗಿತು. ತೂಗಿಕೊಂಡೇ ನಿಂತಿತು.

“ಬರ್ತಾ ಇಲ್ವಲ್ರೀ,” ಎಂದಳು ಸರೋಜಮ್ಮ.

“ಬರ್ತದೆ ಸುಮ್ನಿರು. ಶಾಖ ಸಾಲ್ದು.” ಮರಿಸ್ವಾಮಿ ಸ್ಟವ್‌ಗೆ ಇನ್ನಷ್ಟು ಗಾಳಿ ಹೊಡೆದ. ಉರಿ ಭೋರೆಂದಿತು. ಮಿಷನ್ನಿನೊಳಗೆ ಗುಡುಗುಡು. ಮುಚ್ಚಳದ ಅಂಚಿನಿಂದ ಸುಯ್ ಎಂದು ಆವಿ ಹೊರಟಿತು. ಬಟ್ಟಲು ಸಿಕ್ಕಿಸಿದ ಸಂದಿಯಿಂದ ಬುಸ್ ಎಂದು ಕಂದು ನೊರೆ ಚಿಮ್ಮಿ ಗೋಡೆಗೆ ಬಡಿಯಿತು. ಲೋಟದಲ್ಲಿ ಮಾತ್ರ ಆ ಒಂದು ತೊಟ್ಟು. ನಡುಮನೆಯಿಂದ ಚಿಕ್ಕಯ್ಯ, “ಏನೋ ಅದು, ರೈಲು ಒಳೀಕೇ ಬಂದಂಗದೆ!” ಎಂದು ನಕ್ಕ.

ಆ ನಗೆ ಕೇಳಿದ್ದೇ ತಡ, ಮರಿಸ್ವಾಮಿಯ ತಲೆಗೆ ಏರಿತು. ಬೆಳಗಿನಿಂದ ನುಂಗಿಕೊಂಡು ಕೂತಿದ್ದ ಕೋಪ. “ಇದರ ವಂಶ ಹಾಳಾಗ! ನನ್ನ ಮಾನ ಕಳೆಯಾಕೆ ಇಟಲಿಯಿಂದ ಬಂದ್ಯಾ?” ಎಂದು ಕೂಗಿ, ಬಟ್ಟಲಿನ ಹಿಡಿಗೆ ಕೈ ಹಾಕಿದ. ಕಿತ್ತು ಹಿತ್ತಿಲಿಗೆ ಎಸೆಯುವವನೇ.

“ಮುಟ್ಬ್ಯಾಡ ಕಣೋ!”

ಮಾದೇವಮ್ಮ ಬಾಗಿಲಲ್ಲಿ ನಿಂತಿದ್ದಳು. ಆವಿಯ ಸದ್ದು ಕೇಳಿಯೇ ಎದ್ದು ಬಂದಿದ್ದಳು. ಒಂದೇ ಹೆಜ್ಜೆಗೆ ಒಳಗೆ ಬಂದು ತಮ್ಮನ ಮಣಿಕಟ್ಟು ಹಿಡಿದು ಎಳೆದಳು. “ಕುದ್ಯೋ ನೀರು ಒಳಗೆ ನೂಕ್ತಾ ಕೂತದೆ. ಈಗ ಬಿಚ್ಚುದ್ರೆ ಮೊಕಕ್ಕೆ ಒಡೆಯಾಕಿಲ್ವಾ? ಕಣ್ಣು ಓಯ್ತದೆ ಮುಂಡೇದೆ! ಮೊದ್ಲು ಸ್ಟವ್ ಆರ್ಸು. ಸರೋಜಿ, ನೀನು ಈಚೆ ಬಾ.”

ಬೇರೆ ಯಾರು ಹೇಳಿದ್ದರೂ ಮರಿಸ್ವಾಮಿ ಕೇಳುತ್ತಿರಲಿಲ್ಲ. ಅವ್ವ ಸತ್ತ ಮೇಲೆ ಅವನ ತಲೆಗೆ ಎಣ್ಣೆ ಹಚ್ಚಿ ನೀರು ಹುಯ್ದ ಕೈ ಅದು. ಅವನು ಸ್ಟವ್‌ನ ಗಾಳಿ ಬಿಟ್ಟ. ಉರಿ ಪುಸ್ಸೆಂದು ಆರಿತು.

“ಈ ಕಿವಿ ಇದ್ದಂಗದಲ್ಲ, ಇದೇನು?”

“ಆವಿ ನಲ್ಲಿ.”

“ಬಟ್ಟೆ ಸುತ್ಕೊಂಡು ಅದನ್ನ ಮೆಲ್ಲುಗೆ ತಿರ್ಗ್ಸು. ಮೆಲ್ಲುಗೆ ಅಂದೆ. ಮೊಕ ಆ ಕಡೆ ಇಟ್ಕೋ.”

ಮರಿಸ್ವಾಮಿ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಲ್ಲಿಯನ್ನು ಒಂದಿಷ್ಟೇ ಇಷ್ಟು ತಿರುಗಿಸಿದ. ಬುಸ್ಸೆಂದು ಆವಿ ಹೊರಟಿತು, ಅಡುಗೆಮನೆಯೆಲ್ಲ ಮಂಜು ಕವಿದ ಹಾಗಾಯಿತು. ಹಿತ್ತಿಲ ನುಗ್ಗೆಮರದಲ್ಲಿದ್ದ ಕಾಗೆಗಳು ಹಾರಿಹೋದವು. ಬಹಳ ಹೊತ್ತು ಬುಸುಗುಟ್ಟಿ, ಆಮೇಲೆ ಸಣ್ಣಗಾಗಿ, ಕೊನೆಗೆ ನಿಂತಿತು. ಮರಿಸ್ವಾಮಿ ನಲ್ಲಿಯಿಂದ ಕೈ ತೆಗೆದ. ಗೋಡೆಯ ಮೇಲೆ ತನ್ನ ಮುಖದ ಎತ್ತರಕ್ಕೆ ಚಿಮ್ಮಿದ್ದ ಕಂದು ಕಲೆ ನೋಡಿದ. ಒರಳುಕಲ್ಲಿನ ಮೇಲೆ ಕೂತುಬಿಟ್ಟ.

ಬಾಗಿಲಲ್ಲಿ ಇಣುಕಿದ ಚಿಕ್ಕಯ್ಯ, “ಇದುಕ್ಕಾದ್ರೂ ಆವಿ ಬುಡಾಕೆ ಒಂದ್ ನಲ್ಲಿ ಮಡಗವ್ರೆ. ನಿಂಗೆ ಅದೂ ಇಲ್ವಲ್ಲೋ ಭಾಮೈದ!” ಎಂದ.

ಸರೋಜಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡಳು. ಮರಿಸ್ವಾಮಿ ತಲೆ ಎತ್ತಿ ಭಾವನನ್ನು ನೋಡಿದ. ಬೇರೆ ದಿನವಾಗಿದ್ದರೆ ಬೀದಿ ತುದಿಗೆ ಕೇಳಿಸುತ್ತಿತ್ತು. ಆದರೆ ಅವನ ಬಾಯಿಂದ ಬಂದದ್ದು ಬೇರೆ. “ಭಾವ, ಅವತ್ತು ಅಪ್ಪನ ತಿಥೀಲಿ ನಾನು ಮಾಡಿದ್ದು ತಪ್ಪು ಕಣಪ್ಪ. ನಿಮಗೆ ಅಂಗೆ ಮಾಡಬಾರದಿತ್ತು.”

“ಏ, ಎದ್ದೇಳೋ. ನಂಗೆ ಅವತ್ತಿನ ಉಳಿಸಾರಿನ ವಾಸ್ನೆ ನೆಪ್ಪೈತೆ, ನಿನ್ ಬೈಗುಳ ನೆಪ್ಪಿಲ್ಲ,” ಎಂದ ಚಿಕ್ಕಯ್ಯ.

ಮಾದೇವಮ್ಮ ಕೇಳಿಸಿಕೊಂಡಳು. ಮಿಷನ್ನಿನ ಕಡೆಗೇ ನೋಡುತ್ತಿದ್ದಳು. ಅವಳು ಹೊರಗೆ ಹೋಗಿ ತಟ್ಟೆ ಎತ್ತಿಕೊಳ್ಳಬಹುದಾಗಿತ್ತು. ಹೋಗಲಿಲ್ಲ. “ಆರೈತಾ? ಈಗ ಬಿಚ್ಚು ನೋಡಾನ, ಎಲ್ಲಿ ಕಟ್ಕೊಂಡದೆ ಅಂತ,” ಎಂದಳು.

ಬಟ್ಟಲು ತಿರುಗಿಸಿದರೆ ಜಪ್ಪಯ್ಯ ಅನ್ನಲಿಲ್ಲ. ಪುಡಿ ಊದಿಕೊಂಡು ಹಿಡಿದುಬಿಟ್ಟಿತ್ತು. ತಣ್ಣೀರು ಹುಯ್ದು, ಚಪಾತಿ ಮಣೆಯಿಂದ ಹಿಡಿಗೆ ಮೆತ್ತಗೆ ತಟ್ಟಿದ ಮೇಲೆ ಸಡಿಲವಾಯಿತು. ಬಟ್ಟಲೇನೋ ಕೈಗೆ ಬಂತು, ಪುಡಿ ಅರ್ಧ ಮಾತ್ರ ಅದರಲ್ಲಿತ್ತು. ಇನ್ನರ್ಧ ಮೇಲೆ ಮೂತಿಯೊಳಗೆ ತಳ ಹತ್ತಿದ ಮುದ್ದೆಯ ಹಾಗೆ ಕಚ್ಚಿಕೊಂಡಿತ್ತು. ಚಮಚದಲ್ಲಿ ಕೆರೆದರೆ ಮೇಲುಮೇಲಿನದು ಬಂತು. ಬಿಲ್ಲೆಯ ತೂತುಗಳೆಲ್ಲ ಹಾಗೆಯೇ ಮುಚ್ಚಿಕೊಂಡಿದ್ದವು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಪುಟ್ಟಬಸಮ್ಮ ಹಿತ್ತಿಲ ಬೇಲಿಯ ಆಚೆಯಿಂದ, “ಏನ್ರಪ್ಪ ಅದು ಸದ್ದು? ಮರಿಸ್ವಾಮಿ, ಇದೀಯೇನಪ್ಪ?” ಎಂದು ಕೂಗಿದರು. ಒಂಟಿ ಮುದುಕಿ, ವಿಭೂತಿ ಹಚ್ಚಿದ ಅಗಲ ಹಣೆ, ಯಾರ ಮನೆಯಲ್ಲಿ ಏನಾದರೂ ಮೊದಲು ಅವರಿಗೇ ತಿಳಿಯಬೇಕು.

“ಇದೀನಿ ಬಸಮ್ಮೋರೆ. ಸತ್ತಿಲ್ಲ.”

“ಹಂಗಾದ್ರೆ ಸರಿ ಬಿಡು,” ಎಂದರೂ ಅವರು ಹೋಗಲಿಲ್ಲ. ಸುತ್ತಿ ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು.

ಮಾದೇವಮ್ಮ ಸೆರಗು ಸಿಕ್ಕಿಸಿ ಕೂತೇಬಿಟ್ಟಿದ್ದಳು. ಬಟ್ಟಲಿನ ಪುಡಿಯನ್ನು ಒಂದು ಚಿಟಿಕೆ ತೆಗೆದು ಎರಡು ಬೆರಳಿನ ನಡುವೆ ತಿಕ್ಕಿದಳು. ಬೆರಳು ಬಿಡಿಸಿದರೆ ಅಂಟಿನ ಎಳೆ ಬಂತು. “ಏನೋ ಇದು, ಗೋಂದು ಇದ್ದಂಗದೆ! ಚಿಕೋರಿ ಎಷ್ಟು ಆಕ್ಸಿದ್ದೀಯ?”

“ಒಂಚೂರು ಜಾಸ್ತೀನೇ.”

“ಯಾಕೆ?”

ಮರಿಸ್ವಾಮಿ ಚಮಚದಲ್ಲಿ ಮೂತಿಯನ್ನು ಮತ್ತೆ ಕೆರೆಯತೊಡಗಿದ. ಸರೋಜಮ್ಮನೇ ಹೇಳಿದಳು, “ನಿಮಗೆ ಗಟ್ಟಿ ಕಾಫಿ ಬೇಕು ಅಂತ ಅಕ್ಕ. ನಿನ್ನೆ ನಿಂತ್ಕೊಂಡು ಬೀಸ್ಸವ್ರೆ.”

ಮಾದೇವಮ್ಮ ಬೆರಳನ್ನು ಸೆರಗಿನ ಅಂಚಿಗೆ ಒರೆಸಿಕೊಂಡಳು. ಬಹಳ ನಿಧಾನವಾಗಿ ಒರೆಸಿಕೊಂಡಳು. “ದಡ್ಡ ಮುಂಡೇದೆ,” ಎಂದಳು. “ಚಿಕೋರಿ ನೀರು ಕುಡುದ್ರೆ ಊದ್ಕೊತದೆ. ಫಿಲ್ಟರಾದ್ರೆ ರಾತ್ರಿಯೆಲ್ಲ ಇಳೀಲಿ ಅಂತ ಬುಡಬೌದು, ನಿಂತೋದ್ರೆ ಪಕ್ಕಕ್ಕೆ ಒಂದ್ ಏಟು ಕೊಡಬೌದು. ಇದು ಒಳಗಿಂದ ನೂಕೋದು. ನೂಕಿದಂಗೆಲ್ಲ ಗಾರೆ ಆಗೈತೆ. ಅದ್ರ ಮ್ಯಾಲೆ ಬೇರೆ ಒತ್ತಿದ್ದೀಯ. ಒತ್ತಿದ್ದೀಯಾ ಇಲ್ವಾ?”

“ಒತ್ತಿದ್ದೀನಿ.”

“ಎಷ್ಟು?”

“ಹಿಡ್ಸಿದಷ್ಟು.”

ಪುಟ್ಟಬಸಮ್ಮ ಬಾಗಿಲಿನಿಂದಲೇ, “ಅಯ್ಯೋ ಶಿವನೇ, ಮಿಷನ್ನಿಗೂ ಬಲವಂತವಾ?” ಎಂದರು. ಈ ಸಲ ಮರಿಸ್ವಾಮಿಗೇ ನಗು ಬಂತು.

ಮೂತಿಯ ಬಿಲ್ಲೆಯನ್ನು ಒಂದೇ ತಿರುಪು ಹಿಡಿದಿತ್ತು. ಮರಿಸ್ವಾಮಿ ಗಿರಣಿ ವ್ಯಾನಿನ ಸಾಮಾನು ಚೀಲದಿಂದ ಸ್ಕ್ರೂಡ್ರೈವರ್ ತಂದು, ಮಿಷನ್ನನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡು ಬಿಚ್ಚಿದ. ಬಿಲ್ಲೆ ಕಳಚಿ ಅಕ್ಕನ ಅಂಗೈಗೆ ಬಿತ್ತು. ಅದರ ಹಿಂಭಾಗದಲ್ಲೂ ಪುಡಿ ಮೆತ್ತಿಕೊಂಡಿತ್ತು. ನೀರು ಬರುವ ಕೊಳವೆಯ ಬಾಯಿಯಲ್ಲೂ ಅಷ್ಟೇ. ಸರೋಜಮ್ಮ ಹುಣಸೆಹಣ್ಣು ಕಿವುಚಿ ನೀರಿಗೆ ಹಾಕಿ ಕುದಿಯಲು ಇಟ್ಟಳು. ಬಿಲ್ಲೆಯನ್ನೂ ಬಟ್ಟಲನ್ನೂ ಅದರಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತಿಗೆ ನೀರು ಕಪ್ಪಾಯಿತು, ಪುಡಿ ಸಡಿಲವಾಗಿ ಪದರ ಪದರ ತೇಲಿತು.

ಆಮೇಲೆ ಅಕ್ಕ ತಮ್ಮ ಇಬ್ಬರೂ ಕಿಟಕಿಯ ಕೆಳಗೆ ಕೂತರು. ಸ್ಟವ್ ತೂತಿಗೆ ಹಾಕುವ ಪಿನ್ನು ಮರಿಸ್ವಾಮಿಯ ಕೈಯಲ್ಲಿ, ಪೊರಕೆಯಿಂದ ಮುರಿದ ಕಡ್ಡಿ ಮಾದೇವಮ್ಮನ ಕೈಯಲ್ಲಿ. ಅವಳು ಕೊಳವೆಯ ಬಾಯಿ ಬಿಡಿಸಿದಳು, ಅವನು ಬಿಲ್ಲೆಯ ತೂತು. ಒಂದೊಂದೇ ತೂತಿಗೆ ಪಿನ್ನು ಹಾಕಿ, ಬೆಳಕಿಗೆ ಹಿಡಿದು ನೋಡುವುದು. ಕಂಡರೆ ಮುಂದಕ್ಕೆ, ಕಾಣದಿದ್ದರೆ ಮತ್ತೆ ಪಿನ್ನು. ಇಂಥ ಕೆಲಸಕ್ಕೆ ಮರಿಸ್ವಾಮಿಗೆ ತಾಳ್ಮೆಯೇ ಇಲ್ಲ. ಎರಡು ಸಲ ಪಿನ್ನು ಬಗ್ಗಿಸಿದ. ಎರಡು ಸಲವೂ ಅಕ್ಕ ಅದನ್ನು ಕಿತ್ತುಕೊಂಡು, ನೆಲದ ಮೇಲಿಟ್ಟು ಉಜ್ಜಿ ನೆಟ್ಟಗೆ ಮಾಡಿ ವಾಪಸು ಕೊಟ್ಟಳು.

“ಗಂಡು ಎಂಗವ್ನೆ?” ಎಂದು ಅವನು ತಲೆಯೆತ್ತದೆ ಕೇಳಿದ.

“ಒಳ್ಳೇವ್ನೆ. ಸ್ಕೂಲಲ್ಲಿ ಮೇಷ್ಟ್ರು. ಮಾತು ಕಮ್ಮಿ.”

“ಚೆಲುವಾಜಿ ಮಾತು ಜಾಸ್ತಿ ಅಲ್ವಾ.”

“ಅದುಕ್ಕೇ ಒಂದಾಯ್ತು,” ಎಂದಳು. ಆಮೇಲೆ, “ಮಾವ ಬತ್ತಾನಾ, ಮಾವ ಬತ್ತಾನಾ ಅಂತ ದಿನಾ ಕೇಳ್ತಾಳೆ,” ಎಂದು ಕಡ್ಡಿಯನ್ನು ಕೊಳವೆಯೊಳಗೆ ಜೋರಾಗಿ ತಿರುಗಿಸಿದಳು.

ಮರಿಸ್ವಾಮಿಗೆ ಬಿಲ್ಲೆಯ ತೂತು ಮಸುಕಾಗಿ ಕಂಡಿತು. ಕಣ್ಣು ಒರೆಸಿಕೊಂಡು ಮತ್ತೆ ಬೆಳಕಿಗೆ ಹಿಡಿದ. ಈಗ ಎಲ್ಲ ತೂತೂ ತೆರೆದಿತ್ತು. ಅದರ ಮೂಲಕ ಬಂದ ಬೆಳಕು ಅವನ ಕೆನ್ನೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬಿತ್ತು.

ಇನ್ನು ಪುಡಿಯ ಪ್ರಶ್ನೆ. ಮನೆಯಲ್ಲಿದ್ದದ್ದೆಲ್ಲ ಚಿಕೋರಿಯದೇ. ಪುಟ್ಟಬಸಮ್ಮ, “ನನ್ನ ಹತ್ರ ಬರೀ ಬೀಜ ಹುರಿದದ್ದು ಇದೆ ಕಣಪ್ಪ. ನನಗೆ ಚಿಕೋರಿ ಸೇರಲ್ಲ, ಹೊಟ್ಟೆ ಉಬ್ಬರ,” ಎಂದು ಹೋಗಿ, ಬೀಜದ ಡಬ್ಬಿಯನ್ನೂ ಕಾಫಿಬೀಜ ಅರೆಯುವ ಕೈಮಿಷನ್ನನ್ನೂ ಹೊತ್ತು ತಂದರು. ಚಿಕ್ಕಯ್ಯನಿಗೂ ಕೆಲಸ ಸಿಕ್ಕಿತು. ಕೈಮಿಷನ್ನನ್ನು ತೊಡೆಯ ಸಂದಿಯಲ್ಲಿ ಹಿಡಿದು ಗರಗರ ತಿರುಗಿಸಿದ. ಮಾದೇವಮ್ಮ ಆಗಾಗ ಚಿಟಿಕೆ ತೆಗೆದು ನೋಡಿ, “ಸಾಕು, ಸಣ್ಣ ರವೆ ಇದ್ದಂಗಿರ್ಲಿ, ನುಣ್ಣಗೆ ಬ್ಯಾಡ” ಎಂದಳು.

ಮರಿಸ್ವಾಮಿ ಬಿಲ್ಲೆಯನ್ನು ತಿರುಪು ಬಿಗಿದು ಕೂರಿಸಿ, ಹೊಟ್ಟೆಗೆ ಹೊಸ ನೀರು ತುಂಬಿದ. ಈ ಸಲ ಬಟ್ಟಲು ತುಂಬಿದವಳು ಅವಳೇ. ಸಡಿಲವಾಗಿ ಹಾಕಿ, ಚಮಚದ ಹಿಂಭಾಗದಿಂದ ಮೇಲೆ ಸಮ ಮಾಡಿದಳು. ಅಷ್ಟೇ. ಮರಿಸ್ವಾಮಿಯ ಹೆಬ್ಬೆರಳು ಒತ್ತಲು ಮುಂದೆ ಬಂತು, ಅವಳು ಅದರ ಮೇಲೆ ಒಂದು ಪೆಟ್ಟು ಕೊಟ್ಟಳು. ಅಂಚಿಗೆ ಬಿದ್ದಿದ್ದ ಪುಡಿಯನ್ನು ಬೆರಳಿನಿಂದ ಒರೆಸಿ ಸಿಕ್ಕಿಸಿದಳು. ಸ್ಟವ್ ಸಣ್ಣಗೆ ಉರಿಯಿತು. ಎಲ್ಲರೂ ಸುತ್ತ ಕೂತರು.

ಗುಡುಗುಡು ಎಂದಿತು. ಮರಿಸ್ವಾಮಿ ಎದೆಯ ಮೇಲೆ ಕೈಯಿಟ್ಟುಕೊಂಡ. ಒಂದು ತೊಟ್ಟು. ಅದರ ಹಿಂದೆ ಇನ್ನೊಂದು. ಆಮೇಲೆ ನೂಲಿನ ಹಾಗೆ, ನಡುವೆ ಕಡಿಯದೆ, ಕಪ್ಪು ಡಿಕಾಕ್ಷನ್ನು ಲೋಟಕ್ಕೆ ಇಳಿಯತೊಡಗಿತು. ಮೇಲೆ ಕೆಂಪು ನೊರೆ ಕಟ್ಟಿತು. ಮನೆಯೆಲ್ಲ ಘಮ್ಮೆಂದಿತು.

“ಬಂತು!” ಎಂದು ಪುಟ್ಟಬಸಮ್ಮ ಚಪ್ಪಾಳೆ ತಟ್ಟಿದರು.

“ತಡೀರಿ, ಉಣಸೆ ಉಳಿ ಉಳಕೊಂಡದೋ ಏನೋ. ಆಲಿಗೆ ಆಕುದ್ರೆ ಆಲೆಲ್ಲ ಒಡೆದೋಯ್ತದೆ,” ಎಂದು ಮಾದೇವಮ್ಮ ಲೋಟ ಎತ್ತಿ, ಅಂಗೈಗೆ ಒಂದಿಷ್ಟು ಹುಯ್ದುಕೊಂಡು, ಊದಿ, ಹೀರಿದಳು. ನಾಲಿಗೆಯನ್ನು ತುಟಿಯೊಳಗೆ ಆಡಿಸಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಹುಯ್ದುಕೊಂಡು ಹೀರಿದಳು.

ಸರೋಜಮ್ಮನ ಕೈಯಲ್ಲಿ ಹಾಲಿನ ಪಾತ್ರೆ ಹಾಗೆಯೇ ನಿಂತಿತ್ತು. ಚಿಕ್ಕಯ್ಯ ಏನೋ ಹೇಳಲು ಬಾಯಿ ತೆರೆದ, ಮರಿಸ್ವಾಮಿ ಅವನ ತೊಡೆಯ ಮೇಲೆ ಕೈಯಿಟ್ಟು ಅದುಮಿದ. ಏನೂ ಗೊತ್ತಿಲ್ಲದ ಪುಟ್ಟಬಸಮ್ಮ, “ಯಾಕ್ರೀ ಎಲ್ಲಾ ಹಿಂಗೆ ಕೂತ್ಬಿಟ್ರಿ?” ಎಂದರು.

ಮಾದೇವಮ್ಮ ಕಣ್ಣು ತೆರೆದಳು. ಒಬ್ಬೊಬ್ಬರ ಮುಖ ನೋಡಿದಳು. ತನ್ನ ಒದ್ದೆ ಅಂಗೈ ನೋಡಿಕೊಂಡಳು. ಮುಖಕ್ಕೆ ರಕ್ತ ಏರಿತು. ಏನು ಹೇಳುತ್ತಾಳೋ ಎಂದು ಮರಿಸ್ವಾಮಿ ಕಾಯುತ್ತಿದ್ದ. ಲೋಟ ಕುಕ್ಕಿ ಎದ್ದುಬಿಟ್ಟರೆ? ಸೆರಗು ಕೊಡವಿ ಜಟಕಾ ಹತ್ತಿಬಿಟ್ಟರೆ?

“ಉಳಿ ಇಲ್ಲ,” ಎಂದಳು ಮಾದೇವಮ್ಮ. ಲೋಟವನ್ನು ಸರೋಜಮ್ಮನ ಕಡೆ ನೂಕಿದಳು. “ಕುಡುದ್ಮೇಲೆ ಕುಡುದಂಗೇ ಅಲ್ವಾ. ಅಂಗೈಯಲ್ಲಿ ಕುಡಿಯೋದೇನು, ಲೋಟದಲ್ಲೇ ಕೊಡು. ಸಕ್ರೆ ಜಾಸ್ತಿ ಆಕು.”

ಮರಿಸ್ವಾಮಿ ಎದ್ದು ಹಿತ್ತಿಲಿಗೆ ಹೋದ. ಬಾವಿಯಿಂದ ಒಂದು ಕೊಡ ಸೇದಿ ಮುಖಕ್ಕೆ ಎರಚಿಕೊಂಡ. ಸಾಲಲಿಲ್ಲ, ಇನ್ನೊಂದು ಕೊಡ ಸೇದಿದ. ಮೈಮೇಲಿಂದ ಒಂದು ಮೂಟೆ ಯಾರೋ ಇಳಿಸಿದ ಹಾಗಿತ್ತು, ಹೆಗಲು ತನ್ನಷ್ಟಕ್ಕೇ ಮೇಲೆ ಏಳುತ್ತಿತ್ತು. ಒಳಗಿನಿಂದ ಚಿಕ್ಕಯ್ಯನ ದನಿ ಕೇಳಿತು, “ನಂಗೂ ಒಂದ್ ಲೋಟ ಕೊಡಮ್ಮ, ನಾನೇನು ಆಣೆ ಮಾಡಿಲ್ಲ.”

ಮಾದೇವಮ್ಮ ಎರಡು ಲೋಟ ಕುಡಿದಳು. ಉಪ್ಪಿಟ್ಟೂ ತಿಂದಳು. ಮಿಷನ್ನಿನ ಮುಚ್ಚಳ, ನಲ್ಲಿ, ಮೂತಿ ಎಲ್ಲವನ್ನೂ ಬಿಚ್ಚಿ ನೋಡಿ, ಪ್ರತಿ ಸಲ ಕಾಫಿ ಮುಗಿದ ಕೂಡಲೇ ಬಿಸಿ ಇರುವಾಗಲೇ ಪುಡಿ ಬಡಿದು ತೆಗೆಯಬೇಕು, ಒಣಗಲು ಬಿಟ್ಟರೆ ಮತ್ತೆ ಇದೇ ಪಾಡು ಎಂದು ಸರೋಜಮ್ಮನಿಗೆ ಪಾಠ ಹೇಳಿದಳು. ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ತಮ್ಮನ ಹಣೆಗೆ ಮತ್ತೊಮ್ಮೆ ಕುಂಕುಮ ಇಟ್ಟಳು. ಈ ಸಲ ಬೆರಳು ಒತ್ತಿಯೇ ಇಟ್ಟಳು.

“ಚಪ್ಪರದ ದಿನ ಬೆಳಿಗ್ಗೇನೇ ಬಂದ್ಬುಡು. ಮಾವ ಇಲ್ದೆ ಒಂದ್ ಶಾಸ್ತ್ರಾನೂ ಮಾಡಾಕಿಲ್ಲ. ಬಾಸಿಂಗ ಕಟ್ಟೋವಾಗ ಓಲಗದೋರ ಮೇಲೆ ಕೂಗಾಡಿದ್ರೆ ಮಾತ್ರ ಅಲ್ಲೇ ಕೆನ್ನೆಗೆ ಬಾರಿಸ್ತೀನಿ, ಗೊತ್ತಾಯ್ತಾ?”

“ಕೂಗಾಕಿಲ್ಲ ಅಕ್ಕಯ್ಯ.”

“ಕೂಗ್ತೀಯ. ಮೆಲ್ಲುಗೆ ಕೂಗು,” ಎಂದು ಜಟಕಾ ಹತ್ತಿದಳು.

ಜಟಕಾ ಬೀದಿ ತಿರುಗುವವರೆಗೂ ಮರಿಸ್ವಾಮಿ ಬರಿಗಾಲಲ್ಲಿ ನಡುಬೀದಿಯಲ್ಲೇ ನಿಂತಿದ್ದ. ಆಮೇಲೆ ಬಂದು ಜಗಲಿಯ ಮೇಲೆ ಕೂತ. ಎದುರು ಮನೆಯ ಕರಿಬಸವಯ್ಯ ಸೈಕಲ್ ತಳ್ಳಿಕೊಂಡು ಹೋಗುತ್ತಾ, “ಏನ್ ಮರಿಸ್ವಾಮಿ, ಇವತ್ತು ಗಲಾಟೆಯೇ ಇಲ್ಲ? ಮೈ ಹುಷಾರಿಲ್ವಾ?” ಎಂದು ನಿಲ್ಲಿಸಿ ಕೇಳಿದ.

“ಹುಷಾರಾಗೇ ಇದ್ದೀನಿ ಕಣಯ್ಯ,” ಎಂದ ಮರಿಸ್ವಾಮಿ. “ಬಾ, ಕೂತ್ಕೋ.”